ಎರಡು ಸಲ ಸೋತವರು ಮತ್ತೆ ವಿಧಾನಸಭೆಗೆ ನಿಲ್ಲುವುದು ದಂಡವಾ?

ನಿಮ್ಮೂರಿನ ಅಭ್ಯರ್ಥಿ ಎರಡು ಸಲ ಸೋತಿದ್ದಾರೆ, ಮತ್ತೆ ನಿಲ್ಲುತ್ತೇನೆ ಅನ್ನುತ್ತಿದ್ದಾರೆ, ಸುಮ್ನೆ ದುಡ್ಡು ದಂಡ ಅಲ್ವಾ ಎಂದು ಕೇಳಿದ್ದೀರಿ. ದಂಡ ಅಲ್ಲ ಎನ್ನುವುದು ನನ್ನ ಅಭಿಪ್ರಾಯ. ನಾನು ಉತ್ತರ ಕನ್ನಡ ಜಿಲ್ಲೆಯ ಶಿರಸಿ ಕಡೆಯವನು, ನಮ್ಮಲ್ಲಿ ಆದದ್ದನ್ನೇ ಹೇಳುತ್ತೇನೆ.

2018ರಲ್ಲಿ ಭೀಮಣ್ಣ ನಾಯ್ಕ ಕಾಂಗ್ರೆಸ್‌ನಿಂದ ಶಿರಸಿಯಲ್ಲಿ ನಿಂತರು. ಎದುರಿಗೆ ಬಿಜೆಪಿಯ ವಿಶ್ವೇಶ್ವರ ಹೆಗಡೆ ಕಾಗೇರಿ. 1994ರಿಂದ ಮೂರು ಸಲ ಅಂಕೋಲಾದಲ್ಲಿ, ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಶಿರಸಿಯಲ್ಲಿ, ಗೆಲ್ಲುತ್ತಲೇ ಬಂದವರು. ಭೀಮಣ್ಣ 17,461 ಮತಗಳಿಂದ ಸೋತರು. ಮರುವರ್ಷ ಯಲ್ಲಾಪುರದ ಉಪಚುನಾವಣೆಯಲ್ಲಿ ಶಿವರಾಮ ಹೆಬ್ಬಾರ್ ಎದುರು ಸೋತರು, ಅದೂ 31 ಸಾವಿರಕ್ಕಿಂತ ಜಾಸ್ತಿ ಅಂತರದಲ್ಲಿ. 2021ರಲ್ಲಿ ವಿಧಾನ ಪರಿಷತ್ತಿಗೆ ನಿಂತು ಗಣಪತಿ ಉಳ್ವೇಕರ್ ಎದುರು ಸೋತರು. ಇನ್ನು ಇವರ ಕಥೆ ಮುಗಿಯಿತು ಎಂದು ಪೇಟೆಯಲ್ಲಿ ಜನ ಮಾತಾಡಿಕೊಂಡಿದ್ದರು. 2023ರಲ್ಲಿ ಅದೇ ಕಾಗೇರಿ ಎದುರು 8,712 ಮತಗಳಿಂದ ಗೆದ್ದರು.

ಆ ವರ್ಷ ರಾಜ್ಯದಲ್ಲಿ ಕಾಂಗ್ರೆಸ್ ಗಾಳಿ ಇತ್ತು, 135 ಸೀಟು ಬಂತು, ಅದನ್ನು ಒಪ್ಪುತ್ತೇನೆ. ಆದರೆ ಶಿರಸಿ-ಸಿದ್ದಾಪುರದಂಥ ಕಡೆ ಗಾಳಿಯೊಂದೇ ಸಾಕಾಗುವುದಿಲ್ಲ. ಇಲ್ಲಿ ಊರು ಅಂದರೆ ಒಂದೇ ಕಡೆ ಇರುವ ಮನೆಗಳಲ್ಲ. ರಸ್ತೆಯಲ್ಲಿ ಜೀಪು ನಿಲ್ಲಿಸಿ, ಅಡಿಕೆ ತೋಟದ ಏರಿ ಮೇಲೆ ನಡೆದು, ಕಾಲುಸಂಕ (ಹಳ್ಳ ದಾಟುವ ಸಣ್ಣ ಸೇತುವೆ) ದಾಟಿದರೆ ಎರಡು ಮನೆ ಸಿಗುತ್ತವೆ. ಆ ಎರಡೂ ಮನೆಯಲ್ಲಿ ಕೂತು ಆಸರಿಗೆ, ಅಂದರೆ ಬಂದವರಿಗೆ ಕೊಡುವ ಪಾನೀಯ, ಕುಡಿಯದೆ ಏಳುವ ಹಾಗಿಲ್ಲ. ಅಷ್ಟಕ್ಕೇ ಅರ್ಧ ಬೆಳಗು ಹೋಗುತ್ತದೆ. 2023ರಲ್ಲಿ ನಾಮಪತ್ರ ವಾಪಸ್ ಪಡೆಯುವ ಕೊನೆ ದಿನ ಏಪ್ರಿಲ್ 24, ಮತದಾನ ಮೇ 10. ಬಹಿರಂಗ ಪ್ರಚಾರ 48 ಗಂಟೆ ಮೊದಲೇ ಬಂದ್. ಮಧ್ಯದಲ್ಲಿ ಮದುವೆ ಸೀಸನ್ ಬೇರೆ. ಎರಡು ವಾರದಲ್ಲಿ ಹೊಸಬರೊಬ್ಬರು ಇಷ್ಟೂ ಮನೆ ಮುಟ್ಟುತ್ತಾರೆ ಎಂದರೆ ನಾನು ನಂಬುವುದಿಲ್ಲ.

ಹಿಂದಿನ ಚುನಾವಣೆಯಲ್ಲಿ ಓಡಾಡಿದ ಹುಡುಗರು ಉಳಿದುಕೊಂಡಿರಬೇಕು. ನಮ್ಮ ಬೂತಿನಲ್ಲಿ ಒಬ್ಬರ ಹತ್ತಿರ ಮತದಾರರ ಪಟ್ಟಿ ನೋಡಿದ್ದೆ. ಹೆಸರಿನ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದುಕೊಂಡಿದ್ದರು: ಇವ ಬೆಂಗಳೂರಲ್ಲಿದ್ದಾನೆ, ಫೋನ್ ಮಾಡಬೇಕು. ಇವಳನ್ನು ಸಾಗರಕ್ಕೆ ಕೊಟ್ಟಿದೆ. ಈ ಅಜ್ಜನನ್ನು ಗಾಡಿಯಲ್ಲಿ ಕರೆತರಬೇಕು. ಇದೆಲ್ಲ ಸೋತ ಚುನಾವಣೆಯಲ್ಲೇ ಆದ ಕೆಲಸ. ಸೋತ ಮೇಲೂ ಆ ಪಟ್ಟಿ ಹಾಗೇ ಇರುತ್ತದಲ್ಲ!

ಇನ್ನೊಂದು ವಿಷಯ ನಮ್ಮ ಜಿಲ್ಲೆಯದೇ. ಇಲ್ಲಿ ನೆಲದ ಬಹುಪಾಲು ಅರಣ್ಯ. ಅತಿಕ್ರಮಣ ಮಾಡಿಕೊಂಡು ಸಾಗುವಳಿ ಮಾಡುತ್ತಿರುವ ಸಾವಿರಾರು ಕುಟುಂಬಗಳು ಹಕ್ಕುಪತ್ರಕ್ಕೆ ಕಾಯುತ್ತಿವೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿದ್ದುದಕ್ಕೆ ದಾಖಲೆ ಕೊಡಬೇಕು. ಬಡವರ ಮನೆಯಲ್ಲಿ ಅಷ್ಟು ಹಳೆಯ ಕಾಗದ ಎಲ್ಲಿಂದ ಬರಬೇಕು? ಅರ್ಜಿ ತಿರಸ್ಕಾರ ಆದಾಗ ಇಂಥವರ ಜೊತೆ ಕಚೇರಿಗೆ ಹೋಗುವುದಕ್ಕೆ ಶಾಸಕರೇ ಆಗಿರಬೇಕೆಂದಿಲ್ಲ. ಅಧಿಕಾರ ಇಲ್ಲದಾಗ ಯಾರು ಬಂದರು ಎನ್ನುವುದನ್ನು ಜನ ಮರೆಯುವುದಿಲ್ಲ.

ಕಾರವಾರವನ್ನೂ ನೋಡಿ. 2018ರಲ್ಲಿ ಕಾಂಗ್ರೆಸ್‌ನ ಸತೀಶ್ ಸೈಲ್ ಮೂರನೇ ಸ್ಥಾನಕ್ಕೆ ಹೋಗಿದ್ದರು. 2023ರಲ್ಲಿ 2,138 ಮತಗಳಿಂದ ಗೆದ್ದರು. ಕಾಗೇರಿಯವರೂ ಸೋತು ಮನೆಯಲ್ಲಿ ಕೂರಲಿಲ್ಲ, ಮರುವರ್ಷವೇ ಸಂಸದರಾದರು. ಎಲ್ಲರಿಗೂ ಹೀಗೇ ಆಗುತ್ತದೆ ಅಂತಲ್ಲ. ಕುಮಟಾದಲ್ಲಿ ಸೂರಜ್ ನಾಯ್ಕ ಸೋನಿ 2018ರಲ್ಲಿ ಪಕ್ಷೇತರರಾಗಿ ಸೋತರು. 2023ರಲ್ಲಿ ಜೆಡಿಎಸ್‌ನಿಂದ ನಿಂತು ಏಳುನೂರಕ್ಕೂ ಕಡಿಮೆ ಮತಗಳಿಂದ ಸೋತರು. ಆ ನೋವು ದೊಡ್ಡದು.

ದುಡ್ಡಿನ ಮಾತು ಬಂತಲ್ಲ, ಠೇವಣಿ ಹತ್ತು ಸಾವಿರ. ಚಲಾವಣೆಯಾದ ಮತಗಳಲ್ಲಿ ಆರನೇ ಒಂದು ಭಾಗ ಬಾರದಿದ್ದರೆ ಅದೂ ಹೋಯಿತು. ಖರ್ಚಿನ ಮಿತಿ 2018ರಲ್ಲಿ 28 ಲಕ್ಷ ಇತ್ತು, ಈಗ 40 ಲಕ್ಷ.

ಖರ್ಚು ಸಣ್ಣದಲ್ಲ, ಅದಕ್ಕೇ ನಿಮ್ಮ ಅಭ್ಯರ್ಥಿಯ ಬಗ್ಗೆ ತೀರ್ಮಾನ ಮಾಡುವ ಮೊದಲು ಫಾರ್ಮ್ 20 ತೆಗೆದು ನೋಡಿ. ಮುಖ್ಯ ಚುನಾವಣಾಧಿಕಾರಿಯವರ ವೆಬ್‌ಸೈಟಿನಲ್ಲಿ ಸಿಗುತ್ತದೆ. ಬೂತುವಾರು ಮತ ಅದರಲ್ಲಿರುತ್ತದೆ. ಎರಡು ಚುನಾವಣೆಯದನ್ನು ಅಕ್ಕಪಕ್ಕ ಇಟ್ಟುಕೊಳ್ಳಿ. ಸೋತರೂ ಹೊಸ ಬೂತುಗಳಲ್ಲಿ ಮತ ಏರಿದ್ದರೆ ಅವರು ನಿಲ್ಲಲಿ, ನೀವೂ ಜೊತೆಗೆ ಓಡಾಡಿ. ಸ್ವಂತ ಊರಿನ ಬೂತಿನಲ್ಲೇ ಇಳಿದಿದ್ದರೆ, ಈ ಐದು ವರ್ಷ ಎಲ್ಲಿದ್ದಿರಿ ಎಂದು ಅವರನ್ನೇ ಕೇಳಿ.