ಡೊಂಬಿವಲಿಯಲ್ಲಿದ್ದೇನೆ, ಕ್ರೆಡಿಟ್ ಕಾರ್ಡಿನ 3 ಲಕ್ಷ ಬಾಕಿ, ಎರಡು ತಿಂಗಳಿಂದ ಕಟ್ಟಿಲ್ಲ. ಏನು ಮಾಡಲಿ?

ಮೊದಲು ಆ ಕಾರ್ಡ್ ಉಜ್ಜುವುದನ್ನು ನಿಲ್ಲಿಸಿ. ಬಾಕಿ ಇರುವಾಗ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ. ತಿಂಗಳಿಗೆ 3.5% ಎಂದರೆ 3 ಲಕ್ಷಕ್ಕೆ 10,500 ರೂಪಾಯಿ, ಅದರ ಮೇಲೆ 18% ಜಿಎಸ್‌ಟಿ 1,890. ಬರೀ ಮಿನಿಮಮ್ ಡ್ಯೂ (ಬಿಲ್ಲಿನಲ್ಲಿ ಕಟ್ಟಲೇಬೇಕಾದ ಕನಿಷ್ಠ ಮೊತ್ತ) ಕಟ್ಟಿದರೆ ಅಸಲು ಕರಗದಿರುವುದು ಇದಕ್ಕೇ. ಬಾಡಿಗೆ, ರೇಷನ್, ಲೋಕಲ್ ರೈಲಿನ ಪಾಸ್ ಕಳೆದು ಉಳಿಯುವುದೆಷ್ಟು ಎಂದು ಬರೆದು, ಬಾಕಿಯನ್ನು ಇಎಂಐ ಮಾಡಿಕೊಡಿ ಎಂದು ಬ್ಯಾಂಕಿಗೆ ಇಮೇಲ್ ಕಳಿಸಿ. ಮನೆಯಲ್ಲಿ ಒಡವೆ ಇದ್ದರೆ ಬ್ಯಾಂಕಿನ ಚಿನ್ನದ ಸಾಲದ ಬಡ್ಡಿ ಎಷ್ಟೋ ಕಡಿಮೆ. ಸೆಟಲ್‌ಮೆಂಟ್, ಅಂದರೆ ಬಾಕಿಗಿಂತ ಕಡಿಮೆ ಹಣಕ್ಕೆ ಬ್ಯಾಂಕಿನೊಂದಿಗೆ ಲೆಕ್ಕ ಮುಗಿಸುವುದು, ಕೊನೆಯ ದಾರಿ: ನಿಮ್ಮ ಸಾಲದ ಇತಿಹಾಸ ತೋರಿಸುವ ಸಿಬಿಲ್ ವರದಿಯಲ್ಲಿ ‘ಸೆಟಲ್ಡ್’ ಎಂಬುದು ವರ್ಷಗಟ್ಟಲೆ ಉಳಿಯುತ್ತದೆ. ಸೆಟಲ್‌ಮೆಂಟ್ ಒಪ್ಪಿದ ಬ್ಯಾಂಕಿನ ಪತ್ರ ಕೈಗೆ ಬರದೆ ಅದರ ಹಣ ಒಂದು ಪೈಸೆಯೂ ಕಟ್ಟಬೇಡಿ.

ವಸೂಲಿಯವರು ಬೆಳಿಗ್ಗೆ 8ಕ್ಕಿಂತ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಮಾಡಿದರೆ ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರು ಕೊಡಿ.