ಧಾತು–ಈಶ್ವರ ಬರದಲ್ಲಿ ಸರ್ಕಾರ ಕೂಲಿ ಕೊಟ್ಟರೂ ಬಳ್ಳಾರಿ ಸೀಮೆಯಲ್ಲಿ ಅಷ್ಟು ಜನ ಯಾಕೆ ಸತ್ತರು?

ನೀವು ಕೇಳಿದ್ದು ಎರಡು ಮಾತು. ಧಾತು, ಈಶ್ವರ ಸಂವತ್ಸರಗಳ, ಅಂದರೆ 1876–78ರ ಬರದಲ್ಲಿ ಸರ್ಕಾರ ಕೆರೆ, ರಸ್ತೆ ಕೆಲಸ ತೆಗೆದು ಕೂಲಿ ಕೊಡುತ್ತಿತ್ತು, ಬಳ್ಳಾರಿಗೆ ರೈಲೂ ಬಂದಿತ್ತು, ಆದರೂ ಜನ ಯಾಕೆ ಸತ್ತರು? ಮಳೆ ಬರದಿದ್ದದ್ದಕ್ಕೆ ಬ್ರಿಟಿಷರನ್ನು ಬೈಯುವುದು ನ್ಯಾಯವೇ?

ಮಳೆಗೆ ಯಾರನ್ನೂ ಬೈಯಬೇಕಿಲ್ಲ. ಬೈಯಬೇಕಾದ್ದು ಅಳತೆಯನ್ನು. ಒಂದು ದಿನದ ಮಣ್ಣು ಕೆಲಸಕ್ಕೆ ಎಷ್ಟು ಕಾಳು ಅಂತ ಕೂತು ಲೆಕ್ಕ ಹಾಕಿದವರಿದ್ದರು. ಅದು ಸಾಲದು ಅಂತ ಆಗಲೇ ಬರೆದು ತಿಳಿಸಿದವರೂ ಇದ್ದರು.

1877ರ ಜನವರಿಯಲ್ಲಿ ವೈಸ್‌ರಾಯ್ ಲಿಟನ್ ಕಡೆಯಿಂದ ರಿಚರ್ಡ್ ಟೆಂಪಲ್ ಅನ್ನುವ ಅಧಿಕಾರಿ, ಬಳ್ಳಾರಿ ಆಗ ಸೇರಿದ್ದ ಮದರಾಸ್ ಪ್ರಾಂತ್ಯಕ್ಕೆ ಬಂದ. 1874ರ ಬಿಹಾರ ಬರದಲ್ಲಿ ಇದೇ ಮನುಷ್ಯ ಬರ್ಮಾದಿಂದ ಲಕ್ಷಾಂತರ ಟನ್ ಅಕ್ಕಿ ತರಿಸಿ ಜನರನ್ನು ಉಳಿಸಿದ್ದ. ದುಂದು ಮಾಡಿದೆ ಅಂತ ಬೈಸಿಕೊಂಡಿದ್ದ. ಈ ಸಲ ಖರ್ಚು ಕಡಿಮೆ ಮಾಡಿ ತೋರಿಸಲೇಬೇಕಿತ್ತು. ಕೆಲಸಕ್ಕೆ ಬಂದ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಉಪ್ಪು-ಮೆಣಸಿನಕಾಯಿಗೆ ಚಿಲ್ಲರೆ ಕಾಸು. ಹೆಂಗಸರಿಗೆ, ಮಕ್ಕಳಿಗೆ ಇನ್ನೂ ಕಡಿಮೆ. ಇದಕ್ಕೇ ‘ಟೆಂಪಲ್ ಕೂಲಿ’ ಅಂತ ಹೆಸರಾಯಿತು.

ಒಂದು ಪೌಂಡ್ ಅಂದರೆ ಸುಮಾರು 450 ಗ್ರಾಂ. ಜೋಳ ಅಂತ ಇಟ್ಟುಕೊಳ್ಳಿ. ಕಲ್ಲು, ಹೊಟ್ಟು ಕೇರಿ ಬೀಸಿದರೆ ಐದು ರೊಟ್ಟಿ, ಅಷ್ಟೇ. ಶಕ್ತಿಯ ಲೆಕ್ಕದಲ್ಲಿ ಸುಮಾರು 1,500 ಕ್ಯಾಲೊರಿ. ಸನಿಕೆ, ಬುಟ್ಟಿ ಹಿಡಿದು ಬಿಸಿಲಲ್ಲಿ ಮಣ್ಣು ಹೊರುವ ಗಂಡಸಿಗೆ ಬೇಕಾದ್ದು 3,000ಕ್ಕೂ ಮೇಲೆ. ಉಳಿದ ಅರ್ಧ ಎಲ್ಲಿಂದ ಬರಬೇಕು? ಮೈಯಿಂದಲೇ. ಮೊದಲು ಕೊಬ್ಬು, ಆಮೇಲೆ ಮಾಂಸಖಂಡ, ಕೊನೆಗೆ ಕಾಲು ಬಾವು ಬಂದು ಭೇದಿ ಹತ್ತುತ್ತದೆ. ಕೆಲಸ ಮಾಡದೆ ಮರದ ಕೆಳಗೆ ಮಲಗಿದ್ದರೆ ಇದೇ ಐದು ರೊಟ್ಟಿಯಲ್ಲಿ ಇನ್ನಷ್ಟು ದಿನ ಬದುಕಬಹುದಿತ್ತು. ಆದರೆ ಕೆಲಸ ಮಾಡದವನಿಗೆ ಆ ಐದೂ ಇಲ್ಲ. ಇದನ್ನು ನಾನು ಪರಿಹಾರ ಅನ್ನಲಾರೆ, ಶಿಕ್ಷೆ ಅನ್ನುತ್ತೇನೆ. ಮದರಾಸ್ ಜೈಲುಗಳಲ್ಲಿ ಕಠಿಣ ಸಜೆಯ ಕೈದಿಗೂ ಇದಕ್ಕಿಂತ ಹೆಚ್ಚು ಧಾನ್ಯ ಸಿಗುತ್ತಿತ್ತು.

ಪ್ರಾಂತ್ಯದ ಆರೋಗ್ಯ ಕಮಿಷನರ್ ಡಾ. ಡಬ್ಲ್ಯೂ. ಆರ್. ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದ. ಕನಿಷ್ಠ ಒಂದೂವರೆ ಪೌಂಡ್ (680 ಗ್ರಾಂ) ಧಾನ್ಯ, ಜೊತೆಗೆ ಬೇಳೆ, ತರಕಾರಿ ಬೇಕು ಅಂತ ಅವನ ವಾದ. 1877ರಲ್ಲೇ ಮದರಾಸ್ ಸರ್ಕಾರ ಅರ್ಧ ಒಪ್ಪಿತು: 570 ಗ್ರಾಂ ಧಾನ್ಯ, 43 ಗ್ರಾಂ ಬೇಳೆ. ಐದು ರೊಟ್ಟಿ ಆರಾಯಿತು, ಒಂದು ಹಿಡಿ ಬೇಳೆ ಬಂತು. ಅಷ್ಟರಲ್ಲಿ ತುಂಬಾ ಜನ ಸೋತು ಹೋಗಿದ್ದರು.

ಇನ್ನೊಂದು ನಿಯಮ ದೂರದ್ದು. ನಿಜವಾಗಿ ಹಸಿದವನು ಎಷ್ಟು ದೂರವಾದರೂ ಬರುತ್ತಾನೆ ಅನ್ನುವ ತರ್ಕದಲ್ಲಿ, ಗಟ್ಟಿಮುಟ್ಟಾದವರಿಗೆ ಊರಿಂದ ಹತ್ತು ಮೈಲಿ ಒಳಗೆ ಕೆಲಸ ಇಲ್ಲ. ಮುದುಕರನ್ನು, ಕೈಕೂಸನ್ನು ಬಿಟ್ಟು ಹೋಗಬೇಕು, ಇಲ್ಲವೇ ಹೊತ್ತುಕೊಂಡು ಹೋಗಬೇಕು. ಹೊತ್ತುಕೊಂಡು ಹೋದರೆ ಆ ಐದು ರೊಟ್ಟಿಯಲ್ಲೇ ಅವರಿಗೂ ಪಾಲು.

ರೈಲಿನ ವಿಷಯ. ಬಳ್ಳಾರಿ ತನಕ ರೈಲು ಇತ್ತು, ಮದರಾಸ್ ಬಂದರಿಗೆ ಇಳಿದ ಅಕ್ಕಿ ಬರುತ್ತಿತ್ತು. ಅಲ್ಲಿಂದ ಮುಂದೆ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗೆ ಎತ್ತಿನ ಬಂಡಿಯೇ ಗತಿ. ಹರಪನಹಳ್ಳಿ ಸುಮಾರು 120 ಕಿ.ಮೀ. ದಿನಕ್ಕೆ 20–25 ಕಿ.ಮೀ. ನಡೆದರೆ ಹೋಗಿ ಬರಲು ಹತ್ತು-ಹನ್ನೆರಡು ದಿನ. ಜೋಡೆತ್ತಿಗೆ ದಿನಕ್ಕೆ 16 ಕಿಲೋ ಸೊಪ್ಪೆ ಹಿಡಿದರೂ ಸುಮಾರು 190 ಕಿಲೋ ಮೇವು ಬೇಕು. ಬೆಳೆಯೇ ಇಲ್ಲದ ಮೇಲೆ ಸೊಪ್ಪೆ ಎಲ್ಲಿಂದ? ಬರದಲ್ಲಿ ಜನರಿಗಿಂತ ಮೊದಲು ದನ ಸಾಯುತ್ತವೆ. ಎತ್ತು ಸತ್ತರೆ ಸ್ಟೇಷನ್ನಿನಲ್ಲಿ ಅಕ್ಕಿ ಮೂಟೆ ಇದ್ದೂ ಹಳ್ಳಿಗೆ ಇಲ್ಲ. ದುಡ್ಡಿದ್ದ ಕಡೆಗೆ ಕಾಳು ಸಾಗಿಸುವುದಕ್ಕೂ ಅದೇ ರೈಲು. ಆ ವರ್ಷಗಳಲ್ಲಿ ಇಂಡಿಯಾದಿಂದ ಇಂಗ್ಲೆಂಡಿಗೆ ಸುಮಾರು 3.2 ಲಕ್ಷ ಟನ್ ಗೋಧಿ ಹೋಯಿತು.

ಹಗೇವು ಇರಲಿಲ್ಲವೇ ಅಂತ ನಮ್ಮ ಕಡೆಯವರು ಕೇಳುತ್ತಾರೆ. ಇತ್ತು. ನೆಲದಲ್ಲಿ ಆಳಕ್ಕೆ ತೋಡಿ, ಸುತ್ತ ಹುಲ್ಲು ಕೊಟ್ಟು, ಜೋಳ ತುಂಬಿ, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ತೆಗೆದ ಕೂಡಲೇ ಇಳಿಯುವಂತಿಲ್ಲ, ಒಳಗೆ ಕೆಟ್ಟ ಗಾಳಿ ಕಟ್ಟಿರುತ್ತದೆ. ಗಾಳಿ ಆಡಲು ಬಿಟ್ಟು, ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಒಂದು ವರ್ಷದ ಮಳೆ ತಪ್ಪಿದರೆ ತಡೆಯುವ ವ್ಯವಸ್ಥೆ ಇದು. ಆದರೆ ಹಗೇವು ಇದ್ದದ್ದು ಹೊಲ ಇದ್ದವರ ಮನೆಯಲ್ಲಿ, ಸತ್ತವರಲ್ಲಿ ಹೆಚ್ಚಿನವರು ಕೂಲಿಯವರು, ನೇಕಾರರು, ಚೂರುಪಾರು ಹೊಲದವರು. ಅವರು ಅವತ್ತಿನ ದುಡಿಮೆಯಲ್ಲಿ ಅವತ್ತಿನ ಕಾಳು ಕೊಳ್ಳುವವರು. ಕಾಳಿನ ಬೆಲೆ ಏರಿದಾಗ ಕೂಲಿಯೂ ನಿಂತಿತು, ಸೀರೆ ಕೊಳ್ಳುವವರೂ ಇಲ್ಲವಾದರು.

ಬರೀ ಹಸಿವಿನಿಂದ ಸತ್ತವರಿಗಿಂತ ಕಾಯಿಲೆಯಿಂದ ಸತ್ತವರೇ ಹೆಚ್ಚು. ಶಿಬಿರಗಳಲ್ಲಿ ನೀರು ಕೆಟ್ಟು ಕಾಲರಾ, ಆಮಶಂಕೆ. 1877ರ ಕೊನೆಯಲ್ಲಿ ಮಳೆ ಬಂದ ಮೇಲೆ ಮಲೇರಿಯಾ. ಮೈಯಲ್ಲಿ ಏನೂ ಉಳಿಯದವರಿಗೆ ಒಂದು ಚಳಿಜ್ವರ ಸಾಕು. ಹಾಗಾಗಿ ಮಳೆ ಬಿದ್ದ ಮೇಲೂ ಸಾವು ನಿಲ್ಲಲಿಲ್ಲ. ತಿಂಗಳುಗಟ್ಟಲೆ ಉಪವಾಸ ಇದ್ದವರಿಗೆ ಒಮ್ಮೆಲೇ ಹೊಟ್ಟೆ ತುಂಬ ಉಣಿಸುವುದೂ ಅಪಾಯ: ರಕ್ತದ ಲವಣಾಂಶ ಏರುಪೇರಾಗಿ ಹೃದಯ ನಿಲ್ಲಬಹುದು. ತೆಳು ಗಂಜಿಯನ್ನು ಸ್ವಲ್ಪ ಸ್ವಲ್ಪವೇ, ಮೇಲಿಂದ ಮೇಲೆ, ಎಷ್ಟೋ ದಿನ ಕೊಡಬೇಕು.

ಒಂದು ಮಾತು ಫೋಟೋಗಳ ಬಗ್ಗೆ. ವಾಟ್ಸಾಪಿನಲ್ಲಿ 1943ರ ಬಂಗಾಳ ಬರ ಅಂತ ಓಡಾಡುವ, ಎಲುಬುಗೂಡಾದ ಜನ ಸಾಲಾಗಿ ಕೂತ ಹಲವು ಚಿತ್ರಗಳು ಈ ಬರದವು, ಮದರಾಸ್ ಪ್ರಾಂತ್ಯದವು. ಡಬ್ಲ್ಯೂ. ಡಬ್ಲ್ಯೂ. ಹೂಪರ್ ಅನ್ನುವ ಸೇನಾಧಿಕಾರಿ ತೆಗೆದದ್ದು. ದಯವಿಟ್ಟು ತಪ್ಪು ಹೆಸರಿನಲ್ಲಿ ಹಂಚಬೇಡಿ, ಅವರು ನಮ್ಮ ಜನ.

ಎಷ್ಟು ಜನ ಸತ್ತರು? ಬ್ರಿಟಿಷ್ ಆಡಳಿತದ ಪ್ರದೇಶಗಳಲ್ಲೇ 55 ಲಕ್ಷದ ಮೇಲೆ ಅನ್ನುವುದು ಸಾಮಾನ್ಯವಾಗಿ ಒಪ್ಪುವ ಲೆಕ್ಕ. ಬಳ್ಳಾರಿಗೆ 1871 ಮತ್ತು 1881ರ ಜನಗಣತಿ ಹೋಲಿಸಿದರೆ ಸುಮಾರು ಐದನೇ ಒಂದು ಪಾಲು ಜನ ಕಡಿಮೆಯಾಗಿದ್ದಾರೆ. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಅನಂತಪುರವೂ ಸೇರಿತ್ತು, ಬೇರೆಯಾದದ್ದು 1882ರಲ್ಲಿ. ಈಗಿನ ನಕ್ಷೆ ಇಟ್ಟುಕೊಂಡು ಲೆಕ್ಕ ಹಾಕಬೇಡಿ. ಕಡಿಮೆಯಾದವರೆಲ್ಲ ಸತ್ತವರಲ್ಲ, ಗುಳೆ ಹೋಗಿ ಮರಳದವರೂ ಇದ್ದಾರೆ. ಬರದ ನಡುವೆ ಹುಟ್ಟಿ ಬರದಲ್ಲೇ ತೀರಿಕೊಂಡ ಕೂಸುಗಳು ಮಾತ್ರ ಎರಡೂ ಗಣತಿಯಲ್ಲಿ ಇಲ್ಲ.