ಸಂಪಾದಕರ ಉತ್ತರ: ‘ವೊಸೆ’ ಎಂದರೆ ಮುನಿಯುವವರು ಯಾರು?

ಧಾರವಾಡದ ಓದುಗರೊಬ್ಬರ ಪತ್ರ: “ಮಗಳು ಲಿಸ್ಬನ್‌ನಲ್ಲಿ ಓದುತ್ತಿದ್ದಾಳೆ. ಅಲ್ಲಿಗೆ ಹೋಗುವ ಮುಂಚೆ ಮೊಬೈಲ್ ಆ್ಯಪ್‌ನಲ್ಲಿ ಪೋರ್ಚುಗೀಸ್ ಕಲಿಯುತ್ತಿದ್ದೇನೆ. ‘ವೊಸೆ’ ಎಂದರೆ ‘ನೀವು’ ಎಂದುಕೊಂಡು, ವಿಡಿಯೋ ಕರೆಯಲ್ಲಿ ಅವಳ ಮನೆಯ ಮಾಲಕಿಗೆ ಹಾಗೇ ಅಂದೆ. ಆ ಹಿರಿಯ ಹೆಂಗಸಿನ ಮುಖ ಗಂಟಾಯಿತು. ಬ್ರೆಜಿಲ್‌ನವರು ‘ತು’ (ನೀನು) ಬಿಟ್ಟು, ಸಿಕ್ಕಿದ್ದನ್ನೆಲ್ಲ ಬೆರೆಸಿ ಭಾಷೆ ಕೆಡಿಸಿದ್ದರಿಂದಲೇ ಹೀಗಂತೆ. ನಮ್ಮ ಹುಡುಗರು ಕನ್ನಡ ಕೆಡಿಸುತ್ತಿರುವುದೂ ಹೀಗೇ ಅಲ್ಲವೇ?”

ಈ ವಯಸ್ಸಿನಲ್ಲಿ ಹೊಸ ಭಾಷೆಗೆ ಕೈ ಹಾಕಿದ್ದೀರಿ, ಸಂತೋಷ. ನಿಮ್ಮ ಪತ್ರದ ಕೊನೆಯ ಎರಡು ವಾಕ್ಯಗಳನ್ನು ಮಾತ್ರ ಸುಮ್ಮನೆ ಬಿಡಲಾರೆ.

ಮೊದಲು ಮಾಲಕಿಯ ವಿಚಾರ. ಬ್ರೆಜಿಲ್‌ನ ಬಹುಭಾಗದಲ್ಲಿ ಗೆಳೆಯನಿಗೂ ಅಂಗಡಿಯವನಿಗೂ ‘ವೊಸೆ’ ನಡೆಯುತ್ತದೆ. ಪೋರ್ಚುಗಲ್‌ನಲ್ಲಿ ಅದನ್ನು ಹಿರಿಯರಿಗೆ ನೇರವಾಗಿ ಅಂದರೆ ಹಲವರಿಗೆ ಒರಟಾಗಿ ಕೇಳುತ್ತದೆ. ಅಲ್ಲಿ ಗಂಡಸರಿಗೆ ‘ಓ ಸೆನ್ಯೊರ್’, ಹೆಂಗಸರಿಗೆ ‘ಅ ಸೆನ್ಯೊರ’ ಅನ್ನಬೇಕು, ಪರಿಚಯವಿದ್ದರೆ ಹೆಸರನ್ನೇ ಸರ್ವನಾಮದಂತೆ ಬಳಸಿ, ಎದುರಿಗಿರುವವರನ್ನೇ “ದೋನ ಮರಿಯ ಕಾಫಿ ಕುಡಿಯುತ್ತಾರೆಯೇ?” ಎಂದು ಕೇಳಬೇಕು. ಇದಕ್ಕಿಂತ ಸುಲಭದ ದಾರಿಯೂ ಇದೆ. ಸರ್ವನಾಮವನ್ನೇ ಬಿಟ್ಟು, ಪ್ರಥಮ ಪುರುಷದ (‘ಅವನು’, ‘ಅವಳು’ಗೆ ಬರುವ) ಕ್ರಿಯಾಪದವೊಂದನ್ನೇ ಹಾಕಿ “ಕೆರ್ ಕಫೆ?” (ಕಾಫಿ ಬೇಕೇ?) ಅಂದರೆ ಯಾರೂ ಮುನಿಯುವುದಿಲ್ಲ.

ಈಗ ‘ಕೆಡಿಸಿದ’ ಆರೋಪಕ್ಕೆ ಬರೋಣ. ‘ವೊಸೆ’ಯ ಮೂಲರೂಪ ‘ವೊಸ್ಸ ಮೆರ್ಸೆ’, ಅಂದರೆ ‘ತಮ್ಮ ಕೃಪೆ’. 14ನೇ ಶತಮಾನದಲ್ಲಿ ಪೋರ್ಚುಗಲ್‌ನ ದೊರೆಯನ್ನೇ ಹೀಗೆ ಸಂಬೋಧಿಸುತ್ತಿದ್ದರು. ಬರಬರುತ್ತ ಶ್ರೀಮಂತರು ತಮಗೂ ಅದೇ ಬೇಕೆಂದರು. ಆಗ ದೊರೆಗೆ ‘ವೊಸ್ಸ ಸೆನ್ಯೊರಿಯ’, ಆಮೇಲೆ ‘ವೊಸ್ಸ ಅಲ್ತೆಜ’ ಬೇಕಾಯಿತು. ಯಾರಿಗೆ ಯಾವ ಸಂಬೋಧನೆ ಸಲ್ಲಬೇಕೆಂದು 1597ರಲ್ಲೂ 1739ರಲ್ಲೂ ಕಾನೂನನ್ನೇ ಮಾಡಿದರು. ಜನರ ನಾಲಿಗೆಗೆ ಕಾನೂನು ಎಲ್ಲಿ ತಟ್ಟೀತು? ‘ವೊಸ್ಸ ಮೆರ್ಸೆ’ ಸವೆದು ‘ವೊಸ್ಸೆಮೆಸೆ’, ‘ವೊಸ್ಮೆಸೆ’, ‘ವೊಸೆ’ ಆಯಿತು. ಬ್ರೆಜಿಲ್‌ನ ಆಡುಮಾತಿನಲ್ಲಿ ಈಗ ಬರೀ ‘ಸೆ’. ಪಕ್ಕದ ಸ್ಪೇನ್‌ನಲ್ಲಿ ‘ವುಎಸ್ತ್ರ ಮೆರ್ಸೆದ್’ ಇದೇ ಹಾದಿಯಲ್ಲಿ ‘ಉಸ್ತೆದ್’ ಆಯಿತು. ಅದನ್ನು ಕೆಟ್ಟಿತೆಂದು ಯಾರೂ ಅನ್ನುವುದಿಲ್ಲ, ನೋಡಿ.

‘ಕೃಪೆ’ ಎಂಬುದು ಪ್ರಥಮ ಪುರುಷವಾದ್ದರಿಂದ ಕ್ರಿಯಾಪದವೂ ಹಾಗೇ ನಿಂತಿತು. ಮಠದಲ್ಲಿ ಸ್ವಾಮಿಗಳ ಎದುರಿಗೇ “ಸನ್ನಿಧಿಯವರು ಯಾವಾಗ ದಯಮಾಡಿಸುತ್ತಾರೆ?” ಎನ್ನುವಂತೆ. ‘ತು ಫಾಲಸ್’ (ನೀನು ಮಾತಾಡುತ್ತೀಯ), ಆದರೆ ‘ವೊಸೆ ಫಾಲ’. ಇದರಿಂದ ಒಂದು ತೊಡಕೂ ಹುಟ್ಟಿತು. ‘ಸೆಉ ಕಾರ್ರೊ’ ಅಂದರೆ ನಿಮ್ಮ ಕಾರೋ ಅವನ ಕಾರೋ ತಿಳಿಯದು. ಅದಕ್ಕೇ ಅವನದು ಎನ್ನಬೇಕಾದಾಗ ಜನ ‘ಓ ಕಾರ್ರೊ ದೆಲೆ’ ಎಂದು ಬಿಡಿಸಿ ಹೇಳತೊಡಗಿದರು. ‘ನಾವು’ ಎನ್ನಲು ‘ನೊಸ್’ ಬದಲು ‘ಅ ಜೆಂತೆ’ (ಮೂಲದಲ್ಲಿ ‘ಜನ’) ಬಂದಾಗ ಅದಕ್ಕೂ ಏಕವಚನದ ಕ್ರಿಯಾಪದವೇ ಅಂಟಿತು. ಪುಸ್ತಕದ ಪಟ್ಟಿಯಲ್ಲಿ ಫಾಲೊ, ಫಾಲಸ್, ಫಾಲ, ಫಲಾಮೊಸ್, ಫಲಾಯ್ಸ್, ಫಾಲಂ ಎಂದು ಆರು ರೂಪ. ಬ್ರೆಜಿಲ್‌ನ ಬೀದಿಯಲ್ಲಿ ಅನೇಕರಿಗೆ ಫಾಲೊ, ಫಾಲ, ಫಾಲಂ ಎಂಬ ಮೂರೇ ಸಾಕು. ರೂಪ ಕಡಿಮೆಯಾದಂತೆ ಕರ್ತೃವನ್ನು ಬಾಯಿಬಿಟ್ಟು ಹೇಳುವುದು ಹೆಚ್ಚಾಯಿತು. ಒಂದು ಕಡೆ ಕಳೆದುಕೊಂಡದ್ದನ್ನು ಇನ್ನೊಂದು ಕಡೆ ತುಂಬಿಕೊಂಡಿದ್ದಾರೆ, ಅಷ್ಟೇ. ನಾವೇನು ಕಡಿಮೆ? ‘ನಾನು ಬಂದೆ’, ‘ನೀನು ಬಂದೆ’ ಎರಡಕ್ಕೂ ಒಂದೇ ‘ಬಂದೆ’ ಇಟ್ಟುಕೊಂಡು ನೆಮ್ಮದಿಯಾಗಿಲ್ಲವೇ?

ಬ್ರೆಜಿಲ್ ‘ತು’ ಬಿಟ್ಟಿದೆ ಎಂಬುದೂ ಪೂರ್ತಿ ನಿಜವಲ್ಲ. ದಕ್ಷಿಣದ ಪೋರ್ತೊ ಅಲೆಗ್ರೆಯಲ್ಲಿ ‘ತು’ ಧಾರಾಳವಾಗಿದೆ, ಕ್ರಿಯಾಪದ ಮಾತ್ರ ‘ವೊಸೆ’ಯದು: ‘ತು ವಾಯ್’ (ನೀನು ಹೋಗುತ್ತೀಯ). ಉತ್ತರದ ಬೆಲೆಂ ಕಡೆ ಪುಸ್ತಕದ ‘ತು ವಾಯ್ಸ್’ ಕೂಡ ಕೇಳುತ್ತದೆ.

ಶುದ್ಧಿಯ ಪರವಾಗಿರುವವರದೂ ಒಂದು ನ್ಯಾಯ ಇದೆ, ಒಪ್ಪುತ್ತೇನೆ: ಅರ್ಜಿಗೆ, ಪರೀಕ್ಷೆಗೆ ಪುಸ್ತಕದ ರೂಪ ಬೇಕು. ಆದರೆ ಆ ರೂಪವೇ ಎಲ್ಲಿಂದ ಬಂತು? ‘ನನ್ನೊಂದಿಗೆ’ ಎನ್ನಲು ಪೋರ್ಚುಗೀಸಿನಲ್ಲಿ ‘ಕೊಮಿಗೊ’. ಲ್ಯಾಟಿನ್‌ನ ‘ಮೆಕುಂ’ನಲ್ಲಿ ‘ಕುಂ’ ಎಂದರೇ ‘ಒಂದಿಗೆ’. ಅದು ಸವೆದು ‘ಮಿಗೊ’ ಆದಾಗ ಒಳಗಿನ ‘ಕುಂ’ ಯಾರ ಕಿವಿಗೂ ಬೀಳದಾಯಿತು. ಮುಂದೆ ಇನ್ನೊಂದು ‘ಕೊಂ’ ಸೇರಿಸಿದರು. ಒಂದೇ ಪದದಲ್ಲಿ ಎರಡು ಸಲ ‘ಒಂದಿಗೆ’! ‘ನಮ್ಮೊಂದಿಗೆ’ ಎಂಬುದರ ಕಥೆ ಇನ್ನೂ ಸೊಗಸು. ‘ಅಪೆಂಡಿಕ್ಸ್ ಪ್ರೊಬಿ’ ಎಂಬ ಹಳೆಯ ಲ್ಯಾಟಿನ್ ತಿದ್ದುಪಟ್ಟಿಯಲ್ಲಿ ‘ಇದು ಸರಿ, ಅದು ತಪ್ಪು’ ಎಂಬ ಧಾಟಿಯ 227 ನಮೂದುಗಳಿವೆ. ಅದರಲ್ಲೊಂದು: ‘ನೊಬಿಸ್ಕುಂ’ ಸರಿ, ‘ನೊಸ್ಕುಂ’ ತಪ್ಪು. ಇಂದಿನ ‘ಕೊನೊಸ್ಕೊ’ ಆ ‘ತಪ್ಪು’ ರೂಪದ ನೇರ ವಂಶಸ್ಥ. ಪೋರ್ಚುಗಲ್‌ನವರು ಎರಡು ‘ನ’ಕಾರ ಹಾಕಿ ಬರೆಯುತ್ತಾರೆ, ಬ್ರೆಜಿಲ್‌ನವರು ಒಂದೇ. ನಿಮ್ಮ ಕಿವಿಗೆ ಬ್ರೆಜಿಲ್‌ನ ದೂರು ಊದಿದವರೂ ಇದನ್ನೇ ಶುದ್ಧವೆಂದು ಆಡುತ್ತಾರೆ.

ಸಿಟ್ಟು ಬರಬೇಕಾದದ್ದು ಪಾಠ ಮಾಡುವವರ ಮೇಲೆ. ಯಾವ ದೇಶದ ಪೋರ್ಚುಗೀಸ್ ಎಂದು ಮೊದಲೇ ಹೇಳದೆ ‘ವೊಸೆ = ನೀವು’ ಎಂದು ಸಮೀಕರಣ ಕೊಟ್ಟು ಕೈತೊಳೆದುಕೊಳ್ಳುವ ಪಾಠಗಳು ನಿಮ್ಮಂಥವರನ್ನು ಮುಜುಗರಕ್ಕೆ ಸಿಕ್ಕಿಸುತ್ತವೆ. ಬೆಂಗಳೂರಿಗೆ ಬಂದವರಿಗೆ ಕನ್ನಡ ಕಲಿಸುವ ಪುಸ್ತಕಗಳದ್ದೂ ಇದೇ ಹಣೆಬರಹ. ‘ಮಾಡುತ್ತೀರಿ’ ಎಂದು ಉರು ಹೊಡೆಸುತ್ತಾರೆ. ಆಟೋ ಹತ್ತಿದವನ ಕಿವಿಗೆ ಬೀಳುವುದು ‘ಮಾಡ್ತೀರ’. ಇನ್ನು ನಿಮ್ಮೂರಿನ ‘ರೀ’: ‘ಬರ್ರೀ’ ಎಂದು ಕ್ರಿಯಾಪದಕ್ಕೆ ಹತ್ತುವುದಲ್ಲದೆ ‘ಹೌದ್ರೀ’, ‘ಇಲ್ರೀ’, ‘ಯಾಕ್ರೀ’ ಎಂದು ಸಿಕ್ಕ ಪದಕ್ಕೆಲ್ಲ ಮರ್ಯಾದೆ ಹಂಚುತ್ತ ಓಡಾಡುತ್ತದೆ. ಧಾರವಾಡದಲ್ಲಿ ಅದಿಲ್ಲದೆ ಬಾಯಿ ತೆರೆದರೆ ಒರಟು. ಹಳೇ ಮೈಸೂರು ಕಡೆ ಹಿರಿಯರಿಗೆ ‘ಏನ್ರೀ’ ಅಂದರೆ ಅವರ ಮುಖವೂ ನಿಮ್ಮ ಮಾಲಕಿಯ ಮುಖದಂತಾದೀತು. ಕನ್ನಡ ಕಲಿಯುವ ಹೊಸಬನಿಗೆ ಈ ವಿವರ ಕೊಡುವ ಪಾಠಪುಸ್ತಕ ನಿಮಗೆ ಸಿಕ್ಕರೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಅದರ ಬಗ್ಗೆ ಬರೆಯುತ್ತೇನೆ.

— ಸಂ.